ಹೊಸ ಪೋಪರ ಆಯ್ಕೆ ಮತ್ತು ಲೋಕಾಭಿಪ್ರಾಯ

ಕ್ಯಾಥೊಲಿಕ್ ಧರ್ಮಸಭೆಗೆ ಹೊಸ ಪೋಪ್ ಆಯ್ಕೆಯಾದಾಗಲೆಲ್ಲ ಸಂಭ್ರಮ, ಅನುಮಾನ, ಅಸಮಾಧಾನ ಮೂರೂ ಒಟ್ಟಿಗೇ ಕೇಳಿಬರುತ್ತವೆ. 2025ರ ಮೇ 8ರಂದು ಶಿಕಾಗೊ ಮೂಲದ ಕಾರ್ಡಿನಲ್ ರಾಬರ್ಟ್ ಪ್ರಿವೋಸ್ಟ್ ಹದಿನಾಲ್ಕನೆಯ ಲಿಯೋ ಎಂಬ ಹೆಸರಿನಿಂದ ಪೋಪ್ ಪದವಿಗೇರಿದಾಗಲೂ ಹೀಗೇ ಆಯಿತು. ಒಬ್ಬರೇ ವ್ಯಕ್ತಿಯ ಬಗ್ಗೆ ಇಷ್ಟು ಬಗೆಯ ಮಾತುಗಳು ಏಕೆ ಹುಟ್ಟುತ್ತವೆ, ಅವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು ವಿಚಾರ ಮಾಡಬೇಕಾದ ಪ್ರಶ್ನೆ.

ಭಿನ್ನಾಭಿಪ್ರಾಯದ ಒಂದು ಮೂಲ ಆಯ್ಕೆಯ ಕ್ರಮದಲ್ಲೇ ಇದೆ. ಮೊದಲ ಶತಮಾನಗಳಲ್ಲಿ ರೋಮಿನ ಪಾದ್ರಿಗಳ ಜೊತೆಗೆ ಅಲ್ಲಿನ ಜನರಿಗೂ ತಮ್ಮ ಬಿಷಪ್ಪರನ್ನು ಆರಿಸುವುದರಲ್ಲಿ ಪಾಲಿತ್ತು. 1059ರಲ್ಲಿ ಪೋಪ್ ಎರಡನೆಯ ನಿಕೋಲಸ್ ಆ ಅಧಿಕಾರವನ್ನು ಮುಖ್ಯವಾಗಿ ಕಾರ್ಡಿನಲ್ಲರಿಗೆ ವಹಿಸಿದರು. 1179ರಲ್ಲಿ ಮೂರನೇ ಎರಡು ಬಹುಮತದ ನಿಯಮ ಬಂತು. ರಾಜರ ಕೈವಾಡ ಮಾತ್ರ ಬಹುಕಾಲ ಉಳಿಯಿತು. 1903ರಲ್ಲಿಯೂ ಆಸ್ಟ್ರಿಯಾದ ಚಕ್ರವರ್ತಿ ಕಾರ್ಡಿನಲ್ ರಂಪೊಲ್ಲಾ ಅವರ ಆಯ್ಕೆಗೆ ತಡೆಯೊಡ್ಡಿದ್ದರು. ಆ ಚುನಾವಣೆಯಲ್ಲಿ ಗೆದ್ದ ಹತ್ತನೆಯ ಪಿಯುಸ್ ಮರುವರ್ಷವೇ ಇಂಥ ತಡೆಯನ್ನು ನಿಷೇಧಿಸಿದರು. ಈಗ ಮತ ಹಾಕುವವರು ಎಂಬತ್ತು ವರ್ಷ ದಾಟದ ಕಾರ್ಡಿನಲ್ಲರು ಮಾತ್ರ. 2025ರಲ್ಲಿ ಸಿಸ್ಟೀನ್ ಚಾಪೆಲ್‌ನ ಬಾಗಿಲು ಮುಚ್ಚಿಕೊಂಡು ಕುಳಿತವರು 133 ಮಂದಿ. ಅವರಲ್ಲಿ ಭಾರತದ ನಾಲ್ವರಿದ್ದರು. ಸುಮಾರು 140 ಕೋಟಿ ಕ್ಯಾಥೊಲಿಕರಲ್ಲಿ ಉಳಿದವರಾರಿಗೂ, ಧರ್ಮಭಗಿನಿಯರೂ ಸೇರಿದಂತೆ ಒಬ್ಬ ಮಹಿಳೆಗೂ, ಮತವಿಲ್ಲ. ಆಯ್ಕೆಯಾಯಿತೆಂದು ಸಾರುವ ಬಿಳಿ ಹೊಗೆ ಕಂಡ ಮೇಲೆ ಆಡುವ ಮಾತಷ್ಟೇ ಅವರ ಪಾಲಿಗೆ ಉಳಿದಿರುವುದು. ಅದು ಗಟ್ಟಿಯಾಗಿಯೂ ತರಹೇವಾರಿಯಾಗಿಯೂ ಇರುವುದು ಸಹಜ.

ಎರಡನೆಯ ಮೂಲ ಪದವಿಯ ಸ್ವರೂಪ. ಪೋಪ್ ರೋಮಿನ ಬಿಷಪ್, ಜಗತ್ತಿನ ಕ್ಯಾಥೊಲಿಕರ ಗುರು, ವ್ಯಾಟಿಕನ್ ನಗರ ರಾಜ್ಯದ ಮುಖ್ಯಸ್ಥ. ಇಷ್ಟೂ ಹೊಣೆ ಒಬ್ಬರದೇ ಆದ್ದರಿಂದ ಭಕ್ತರು ಅವರಲ್ಲಿ ಭಕ್ತಿಯನ್ನು ಹುಡುಕುತ್ತಾರೆ, ಸಂಪ್ರದಾಯಸ್ಥರು ಸಿದ್ಧಾಂತದ ಕಾವಲನ್ನು, ಸುಧಾರಕರು ಬದಲಾವಣೆಯನ್ನು. ಸರ್ಕಾರಗಳು ತಮ್ಮ ನೀತಿಗೆ ಬೆಂಬಲ ಸಿಕ್ಕೀತೇ ಎಂದು ನೋಡುತ್ತವೆ. ಈ ನಿರೀಕ್ಷೆಗಳು ಒಂದಕ್ಕೊಂದು ಹೊಂದುವುದಿಲ್ಲವಾದ್ದರಿಂದ ಎಲ್ಲರನ್ನೂ ಒಟ್ಟಿಗೆ ಮೆಚ್ಚಿಸುವ ಆಯ್ಕೆ ಸಾಧ್ಯವೇ ಇಲ್ಲ.

ಲಿಯೋ ಅವರ ಮೊದಲ ದರ್ಶನವೇ ಇದಕ್ಕೆ ನಿದರ್ಶನ. ಸಂತ ಪೇತ್ರರ ಬಸಿಲಿಕದ ಬಾಲ್ಕನಿಗೆ ಅವರು ಕೆಂಪು ಮೇಲುವಸ್ತ್ರ ಹೊದ್ದು ಬಂದರು. ಹಿಂದಿನ ಪೋಪ್ ಫ್ರಾನ್ಸಿಸ್ 2013ರಲ್ಲಿ ಅದನ್ನು ಬಿಟ್ಟು ಬರೀ ಬಿಳಿ ನಿಲುವಂಗಿಯಲ್ಲಿ ಬಂದಿದ್ದರು. ವಸ್ತ್ರವನ್ನು ಕಂಡು ಸಂಪ್ರದಾಯಸ್ಥರಲ್ಲಿ ಹಲವರು ಸಮಾಧಾನಪಟ್ಟರೆ, ಲಿಯೋ ಎಂಬ ಹೆಸರನ್ನು ಕೇಳಿ ಸಾಮಾಜಿಕ ನ್ಯಾಯದ ಪರವಾದವರು ಹಿಗ್ಗಿದರು. ಏಕೆಂದರೆ 1891ರಲ್ಲಿ ಕಾರ್ಮಿಕರ ಹಕ್ಕುಗಳ ಕುರಿತು ವಿಶ್ವಪತ್ರ ಹೊರಡಿಸಿದವರು ಹದಿಮೂರನೆಯ ಲಿಯೋ. ಹೊಸ ಪೋಪ್ ಇಟಾಲಿಯನ್ ಭಾಷೆಯಲ್ಲಿ ಮಾತಾಡಿ, ನಡುವೆ ತಾವು ಬಿಷಪ್ಪರಾಗಿದ್ದ ಪೆರುವಿನ ಚಿಕ್ಲಾಯೊ ಧರ್ಮಪ್ರಾಂತ್ಯದ ಜನರಿಗೆ ಸ್ಪ್ಯಾನಿಷ್‌ನಲ್ಲಿ ವಂದಿಸಿದರು. ಅಮೆರಿಕದಲ್ಲಿ ಹುಟ್ಟಿದ ಮೊದಲ ಪೋಪ್ ಆ ಭಾಷಣದಲ್ಲಿ ಇಂಗ್ಲಿಷ್ ಬಳಸಲಿಲ್ಲ. ಪೆರು ಅವರನ್ನು ತನ್ನವರೆಂದು ಕೊಂಡಾಡಿತು. ಅಮೆರಿಕದ ಅಧ್ಯಕ್ಷ ಟ್ರಂಪ್ ತಮ್ಮ ದೇಶಕ್ಕೆ ಸಂದ ಗೌರವವೆಂದು ಹರ್ಷಿಸಿದರು. ಆದರೆ ವಲಸಿಗರ ವಿಷಯದಲ್ಲಿ ಉಪಾಧ್ಯಕ್ಷ ವ್ಯಾನ್ಸ್ ಅವರನ್ನು ಟೀಕಿಸುವ ಲೇಖನವೊಂದನ್ನು ಪ್ರಿವೋಸ್ಟ್ ಕೆಲವೇ ತಿಂಗಳ ಹಿಂದೆ ಹಂಚಿಕೊಂಡಿದ್ದರೆಂದು ತಿಳಿದ ಮೇಲೆ ಟ್ರಂಪ್ ಬೆಂಬಲಿಗರಲ್ಲಿಯೇ ಕೆಲವರು ಅವರ ಮೇಲೆ ಹರಿಹಾಯ್ದರು.

ಇಂಥ ಮೊದಲ ತೀರ್ಪುಗಳು ಎಷ್ಟು ಕಾಲ ನಿಲ್ಲುತ್ತವೆ ಎಂಬುದಕ್ಕೆ ಇತಿಹಾಸ ಸ್ಪಷ್ಟ ಉತ್ತರ ಕೊಟ್ಟಿದೆ. 1846ರಲ್ಲಿ ಒಂಬತ್ತನೆಯ ಪಿಯುಸ್ ಅಧಿಕಾರಕ್ಕೆ ಬಂದು ರಾಜಕೀಯ ಕೈದಿಗಳಿಗೆ ಕ್ಷಮಾದಾನ ನೀಡಿದಾಗ ಇಟಲಿಯ ಉದಾರವಾದಿಗಳು ಅವರನ್ನು ಹೊತ್ತು ಮೆರೆಸಿದರು. 1848ರಲ್ಲಿ ಆಸ್ಟ್ರಿಯಾದ ವಿರುದ್ಧ ಯುದ್ಧಕ್ಕೆ ಅವರು ಒಪ್ಪದಿದ್ದಾಗ ಅದೇ ಜನ ತಿರುಗಿಬಿದ್ದರು. ಪೋಪ್ ವೇಷ ಮರೆಸಿಕೊಂಡು ರೋಮಿನಿಂದ ಗಯೇಟಾಕ್ಕೆ ಓಡಬೇಕಾಯಿತು. 1864ರ ಹೊತ್ತಿಗೆ ಅವರು ಉದಾರವಾದವನ್ನೇ ಖಂಡಿಸುವ ಪಟ್ಟಿ ಹೊರಡಿಸಿದ್ದರು. 1958ರಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. ಎಪ್ಪತ್ತಾರು ವರ್ಷದ ಇಪ್ಪತ್ತಮೂರನೆಯ ಜಾನ್ ಹೆಚ್ಚಿನದೇನನ್ನೂ ಮಾಡದ ತಾತ್ಕಾಲಿಕ ಪೋಪ್ ಎಂದೇ ಹಲವರ ಎಣಿಕೆಯಾಗಿತ್ತು. ಮೂರೇ ತಿಂಗಳಲ್ಲಿ ಅವರು ಎರಡನೆಯ ವ್ಯಾಟಿಕನ್ ಮಹಾಸಭೆಯನ್ನು ಕರೆಯುವುದಾಗಿ ಘೋಷಿಸಿದರು. ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಬಲಿಪೂಜೆ ಇಂದು ಕರ್ನಾಟಕದ ಚರ್ಚುಗಳಲ್ಲಿ ಕನ್ನಡ, ಕೊಂಕಣಿಗಳಲ್ಲಿ ನಡೆಯುವುದಕ್ಕೆ ದಾರಿಯಾದದ್ದು ಆ ಮಹಾಸಭೆಯೇ. ಎರಡೂ ಪ್ರಸಂಗಗಳಲ್ಲಿ ಜನ ವ್ಯಕ್ತಿಗೆ ಹಣೆಪಟ್ಟಿ ಹಚ್ಚಿದ್ದರು, ಎರಡೂ ಹಣೆಪಟ್ಟಿಗಳು ಸುಳ್ಳಾದವು.

ಹಾಗೆಂದು ಮೊದಲ ಪ್ರತಿಕ್ರಿಯೆಗಳನ್ನೆಲ್ಲ ಗಾಳಿಮಾತೆಂದು ತಳ್ಳಿಹಾಕುವಂತಿಲ್ಲ. ವ್ಯಕ್ತಿಯ ಹಿಂದಿನ ನಡೆಯನ್ನು ಹಿಡಿದು ಕೇಳುವ ಪ್ರಶ್ನೆಗಳ ತೂಕವೇ ಬೇರೆ. 2013ರಲ್ಲಿ ಫ್ರಾನ್ಸಿಸ್ ಆಯ್ಕೆಯಾದೊಡನೆ, ಅರ್ಜೆಂಟೀನಾದ ಸೇನಾಡಳಿತ 1976ರಲ್ಲಿ ಇಬ್ಬರು ಜೆಸ್ವಿಟ್ ಪಾದ್ರಿಗಳನ್ನು ಅಪಹರಿಸಿದಾಗ ಅವರ ಪಾತ್ರವೇನಿತ್ತು ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅರ್ಜೆಂಟೀನಾದ ಪೆರೆಸ್ ಎಸ್ಕಿವೆಲ್, ಫ್ರಾನ್ಸಿಸ್ ಸರ್ವಾಧಿಕಾರದ ಜೊತೆ ಕೈಜೋಡಿಸಿರಲಿಲ್ಲವೆಂದರು. ಅಪಹೃತರಲ್ಲಿ ಬದುಕಿದ್ದ ಫ್ರಾನ್ಸ್ ಯಾಲಿಕ್ಸ್, ತಮ್ಮನ್ನು ಹಿಡಿದುಕೊಟ್ಟವರು ಅವರಲ್ಲವೆಂದು ಬಹಿರಂಗವಾಗಿ ಹೇಳಿದರು. ಪ್ರಶ್ನೆ ಎದ್ದದ್ದರಿಂದಲೇ ಸಾಕ್ಷಿಯೂ ಮುಂದೆ ಬಂತು. ಲಿಯೋ ಅವರ ವಿಷಯದಲ್ಲಿ, ಪಾದ್ರಿಗಳು ನಡೆಸಿದರೆನ್ನಲಾದ ಲೈಂಗಿಕ ದೌರ್ಜನ್ಯದ ದೂರುಗಳನ್ನು ಅವರು ಸರಿಯಾಗಿ ನಿಭಾಯಿಸಲಿಲ್ಲವೆಂದು ಸಂತ್ರಸ್ತರ ಸಂಘಟನೆಯೊಂದು ಆಕ್ಷೇಪಿಸಿತು. ಚಿಕ್ಲಾಯೊ ಧರ್ಮಪ್ರಾಂತ್ಯ ಅದನ್ನು ಅಲ್ಲಗಳೆಯಿತು. ಸೊಡಾಲಿಶಿಯೊ ಎಂಬ ಪ್ರಭಾವಿ ಕ್ಯಾಥೊಲಿಕ್ ಸಂಘದೊಳಗಿನ ದೌರ್ಜನ್ಯವನ್ನು ಬಯಲಿಗೆಳೆದ ಪೆರುವಿನ ಪತ್ರಕರ್ತರು, ಆ ಹೋರಾಟದಲ್ಲಿ ಪ್ರಿವೋಸ್ಟ್ ತಮ್ಮ ಜೊತೆ ನಿಂತಿದ್ದರೆಂದರು. ಈ ಎರಡು ಮಾತುಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಮುಚ್ಚಿಡುವುದು ನ್ಯಾಯವಲ್ಲ. ದಾಖಲೆಗಳನ್ನು ತೆರೆದಿಟ್ಟು ಉತ್ತರ ಹೇಳುವ ಹೊಣೆ ಧರ್ಮಸಭೆಯದು.

ಆದ್ದರಿಂದ ಬಟ್ಟೆ, ಭಾಷೆ, ಹುಟ್ಟಿದ ದೇಶಗಳನ್ನು ನೋಡಿ ಕೊಡುವ ಮೆಚ್ಚುಗೆಯಾಗಲಿ ಖಂಡನೆಯಾಗಲಿ ಹೇಳುವವರ ನಿರೀಕ್ಷೆಯನ್ನು ತಿಳಿಸುತ್ತದೆಯೇ ಹೊರತು ಪೋಪರ ಗುಣವನ್ನಲ್ಲ. ಮಾಡಿದ ಕೆಲಸವನ್ನು ಆಧಾರವಾಗಿಟ್ಟು ಎತ್ತಿದ ಪ್ರಶ್ನೆ ಆಯ್ಕೆಯ ದಿನವೇ ಬಂದರೂ ಅವಸರದ್ದಲ್ಲ. ಮತವಿಲ್ಲದ ಕೋಟ್ಯಂತರ ವಿಶ್ವಾಸಿಗಳಿಗೆ ತಮ್ಮ ಗುರುವನ್ನು ಹೊಣೆಗಾರರನ್ನಾಗಿಸಲು ಇರುವ ಸಾಧನ ಅಂಥ ಪ್ರಶ್ನೆಯೇ. ಅದಕ್ಕೆ ಉತ್ತರ ಸಿಗುವವರೆಗೂ ಅವರು ಅದನ್ನು ಕೈಬಿಡಬಾರದು.