ಊರಿಗೆ ಮರಳುವವರ ಗಂಟು

ಮಳೆ ಹಿಡಿಯುವ ಮುಂಚೆ, ನಮ್ಮ ಕಡೆಯ ಮನೆಗಳಲ್ಲಿ ಹಲಸಿನ ಸೊಳೆ ಉಪ್ಪಿಗೆ ಬೀಳುವ ಹೊತ್ತಿಗೆ ಸರಿಯಾಗಿ, ಮುಂಬಯಿ, ಬೆಂಗಳೂರು, ದುಬಾಯಿಗಳಿಂದ ರಜೆಗೆ ಬಂದ ತರುಣರು ಜಗಲಿಯಲ್ಲಿ ಕುಳಿತು ಒಂದೇ ಮಾತನ್ನು ಆಡುವುದುಂಟು. “ಇನ್ನು ನಾಲ್ಕು ವರ್ಷ. ಒಂದಿಷ್ಟು ಗಂಟು ಮಾಡಿಕೊಂಡು ಊರಿಗೇ ಬಂದುಬಿಡುತ್ತೇನೆ. ಎರಡೆಕರೆ ಕಂಗು ಇಟ್ಟು ಸುಖವಾಗಿ ಇರುತ್ತೇನೆ.” ಈ ಮಾತನ್ನು ನಾವು ಬಹಳ ವರ್ಷಗಳಿಂದ ಕೇಳುತ್ತ ಬಂದಿದ್ದೇವೆ. ಹಾಗೆ ಬಂದು ನೆಲೆ ನಿಂತವರು ಇದ್ದಾರೆ. ಬಂದು ಮೂರು ವರ್ಷ ತುಂಬುವುದರೊಳಗೆ ತೋಟವನ್ನು ಭಾವನ ಕೈಗೆ ಒಪ್ಪಿಸಿ ಮರಳಿ ರೈಲು ಹತ್ತಿದವರೂ ಇದ್ದಾರೆ. 2020ರಲ್ಲಿ ಕೊರೋನಾದ ಕಾಲಕ್ಕೆ ಊರು ಸೇರಿ, ಇನ್ನು ಪೇಟೆಯ ಮುಖ ನೋಡೆವು ಎಂದವರಲ್ಲಿ ನಮ್ಮ ಆಸುಪಾಸಿನಲ್ಲಿ ಉಳಿದವರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು.

ಮೈಗಳ್ಳತನವೇ ಇದಕ್ಕೆ ಕಾರಣವೆಂದು ಹೇಳುವ ಹಿರಿಯರುಂಟು. ಅದು ಅನ್ಯಾಯದ ಮಾತು. ಹಾರೆ ಹಿಡಿದು ಅಂಗೈ ಬೊಕ್ಕೆ ಎದ್ದವರನ್ನು ನಾವೇ ಕಂಡಿದ್ದೇವೆ. ತಪ್ಪಿದ್ದು ಗಂಟನ್ನು ಎಣಿಸಿದ ಕ್ರಮದಲ್ಲಿ. ಅವರು ರೂಪಾಯಿಗಳನ್ನು ಎಣಿಸಿದರು, ವರ್ಷಗಳನ್ನು ಎಣಿಸಲಿಲ್ಲ.

ಕಂಗಿನ ಸ್ವಭಾವ ನಮ್ಮ ಓದುಗರಿಗೆ ಹೊಸದಾಗಿ ಹೇಳತಕ್ಕದ್ದಲ್ಲ. ನಾಡತಳಿಯ ಗಿಡವನ್ನು ಇಂದು ನೆಟ್ಟರೆ ಹಿಂಗಾರ ಕಾಣುವುದು ಐದಾರು ವರ್ಷಕ್ಕೆ. ಮೈತುಂಬ ಫಸಲು ಬರಬೇಕಾದರೆ ಹತ್ತು ವರ್ಷ ಹತ್ತಿರವಾಗುತ್ತದೆ. ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಸಂಸ್ಥೆ 1972ರಲ್ಲಿ ಹೊರತಂದ ‘ಮಂಗಳಾ’ ತಳಿ ಒಂದೆರಡು ವರ್ಷ ಮುಂಚೆ ಫಲಕ್ಕೆ ಬರುತ್ತದೆ, ಅಷ್ಟೆ. ಎತ್ತರ ಜಾತಿಯ ತೆಂಗಿಗೂ ಆರೇಳು ವರ್ಷ ಬೇಕು. ಎಳೆಯ ಕಂಗಿಗೆ ಮೆಣಸಿನ ಬಳ್ಳಿ ಹಬ್ಬಿಸುವ ಹಾಗಿಲ್ಲ. ಬೇಲಿಯ ಮರಗಳಿಗೆ ಬಿಟ್ಟರೆ ಮೂರನೆಯ ವರ್ಷಕ್ಕೆ ನಾಲ್ಕು ಕರೆ ಕಂಡೀತು. ವರ್ಷದೊಳಗೆ ಕೈಗೆ ಕಾಸು ಕೊಡುವುದು ಬಾಳೆ ಒಂದೇ. ಅದೂ ಗಾಳಿ ಮತ್ತು ಹಂದಿ ಬಿಟ್ಟರೆ. ಆದುದರಿಂದ ಹೊಸ ತೋಟ ಇಡುವವನು ಮೊದಲು ಕೂಡಿಡಬೇಕಾದುದು ಐದು ವರ್ಷದ ಅನ್ನವನ್ನು. ತೋಟದ ಖರ್ಚು ಬೇರೆ, ಅನ್ನದ ಗಂಟು ಬೇರೆ. ಇವೆರಡನ್ನು ಒಂದೇ ಪೆಟ್ಟಿಗೆಯಲ್ಲಿ ಇಟ್ಟವರು ಅನ್ನವನ್ನು ಗೊಬ್ಬರಕ್ಕೆ ಸುರಿದು ಆಮೇಲೆ ಪರಿತಪಿಸುತ್ತಾರೆ.

ಆದರೆ ಊರಿಗೆ ಬಂದವರು ಮೊದಲು ಕೈ ಹಾಕುವುದು ಯಾವುದಕ್ಕೆ? ಮನೆಗೆ. ಹತ್ತು ವರ್ಷ ದುಡಿದು ಬಂದವನ ಮನೆ ನೆರೆಯವನ ಮನೆಗಿಂತ ಒಂದು ಗೇಣಾದರೂ ಎತ್ತರ ಬೇಡವೆ? ಈ ವಿಷಯದಲ್ಲಿ ನಾವು ಪರರನ್ನು ಹಳಿಯುವ ಸ್ಥಿತಿಯಲ್ಲಿ ಇಲ್ಲ. 2011ರಲ್ಲಿ ನಾವೂ ಚೆನ್ನಾಗಿದ್ದ ಹಂಚಿನ ಚಾವಡಿಯನ್ನು ಕೆಡವಿ, ಸಾಲ ಮಾಡಿ, ತಾರಸಿ ಹಾಕಿಸಿದೆವು. 2013ರ ಮಳೆಗಾಲದಲ್ಲಿ ಕೊಳೆರೋಗ ಹಬ್ಬಿ ಎಳೆಗಾಯಿಗಳು ತೋಟದ ತುಂಬ ಹಾಸಿ ಬಿದ್ದವು. ಕಂತು ಮಾತ್ರ ನಿಲ್ಲಲಿಲ್ಲ. ಹಳತು ಮಾಡಿ ಮಾರಬೇಕಾದ ಅಡಿಕೆಯನ್ನು ಅಂಗಳದಿಂದ ಎತ್ತಿದ ಹಾಗೆಯೇ ಸಿಕ್ಕಿದ ಬೆಲೆಗೆ ಕೊಟ್ಟೆವು. ತಾರಸಿಯೋ, ನಾಲ್ಕನೆಯ ಮಳೆಗೆ ಸೋರತೊಡಗಿತು. ಈಗ ಅದರ ಮೇಲೆ ತಗಡಿನ ಮಾಡು ನಿಂತಿದೆ. ಒಂದು ಮನೆಗೆ ಎರಡು ಮಾಡು! ಹಳೆಯ ಹಂಚುಗಳನ್ನು ಕೊಂಡುಹೋದವನು ಅವುಗಳಿಂದ ಹಟ್ಟಿ ಕಟ್ಟಿದ್ದಾನೆ. ಅದು ಇಂದಿಗೂ ಸೋರುತ್ತಿಲ್ಲವೆಂದು ಕೇಳಿದ್ದೇವೆ.

ಮೊದಲು ನೀರು, ಆ ಮೇಲೆ ಗಿಡ, ಕಡೆಗೆ ಮನೆ ಎಂಬುದು ನಮ್ಮ ಅಭಿಮತ. ಹಳೆಯ ಮನೆಯ ಒಂದು ಕೋಣೆ, ಒಂದು ಅಡಿಗೆಮನೆ, ಸೋರದ ಮಾಡು ಇದ್ದರೆ ಐದು ವರ್ಷ ಕಳೆಯುವುದಕ್ಕೆ ಧಾರಾಳ ಸಾಕು.

ಇನ್ನು ಗಂಟು ಮಾಡುವ ವಿಚಾರ. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. ಅಂಕೆಗಳು ಕೇವಲ ಉದಾಹರಣೆಗೆ. ಬಡ್ಡಿಯನ್ನೂ ಬೆಲೆಯೇರಿಕೆಯನ್ನೂ ಬದಿಗಿಟ್ಟಿದ್ದೇವೆ. ಪೇಟೆಯಲ್ಲಿ ಒಬ್ಬನಿಗೆ ತಿಂಗಳಿಗೆ 30,000 ರೂಪಾಯಿ ಸಂಬಳ. ಬಾಡಿಗೆ 5,000, ಮನೆವಾರ್ತೆಗೆ 15,000, ಉಳಿಯುವುದು 10,000. ಮನೆವಾರ್ತೆಯ ಅಭ್ಯಾಸ ಮನುಷ್ಯನ ಜತೆಗೆ ಊರಿಗೂ ಬರುತ್ತದೆ. ಹಾಗಾಗಿ ಐದು ವರ್ಷದ ಅನ್ನಕ್ಕೆ ಅವನಿಗೆ 9 ಲಕ್ಷ ಬೇಕು. ತಿಂಗಳಿಗೆ ಹತ್ತು ಸಾವಿರದಂತೆ ಅದಕ್ಕೆ 90 ತಿಂಗಳು. ಅದೇ ಮನುಷ್ಯ ಮನೆವಾರ್ತೆಯನ್ನು 13,000ಕ್ಕೆ ಇಳಿಸಿಕೊಂಡನೆನ್ನಿ. ಆಗ ಬೇಕಾಗುವುದು 7 ಲಕ್ಷ 80 ಸಾವಿರ. ಕೂಡುವುದು ತಿಂಗಳಿಗೆ 12,000. ಅಲ್ಲಿಗೆ 65 ತಿಂಗಳು. ಎರಡು ಸಾವಿರದ ಹಿಡಿತದಿಂದ ಎರಡು ವರ್ಷದ ಮೇಲೆ ಒಂದು ತಿಂಗಳು ಮುಂಚಿತವಾಗಿ ಊರು ಸೇರಿದ! ಸಂಬಳ ಎರಡು ಸಾವಿರ ಹೆಚ್ಚಾದರೆ ಇಷ್ಟು ಲಾಭವಿಲ್ಲ. ಆಗ ಗಂಟು ಬೇಗ ತುಂಬುತ್ತದೆಯೇ ಹೊರತು ತುಂಬಬೇಕಾದ ಪೆಟ್ಟಿಗೆ ಸಣ್ಣದಾಗುವುದಿಲ್ಲ. ಮಿತವ್ಯಯ ಮಾತ್ರ ಎರಡು ಕಡೆಯಿಂದಲೂ ಕೆಲಸ ಮಾಡುತ್ತದೆ.

ಊರಿಗೆ ಬಂದ ಮೇಲೆ ಸರಳವಾಗಿ ಇರುತ್ತೇವೆ, ಅಲ್ಲಿಯ ತನಕ ಪೇಟೆಯ ರೀತಿ ನಡೆಯಲಿ ಎನ್ನುವವರಿಗೆ ಇದೇ ನಮ್ಮ ಉತ್ತರ. ನಾಲಗೆಗೂ ಕೈಗೂ ಹಿಡಿದ ಚಾಳಿಯನ್ನು ತಲಪಾಡಿಯ ಗಡಿಯಲ್ಲಿ ಇಳಿಸಿ ಬರಲಾಗುವುದಿಲ್ಲ. ದಿನಕ್ಕೆ 30 ರೂಪಾಯಿಯ ಹೋಟೆಲು ಚಹಾ-ತಿಂಡಿ ವರ್ಷಕ್ಕೆ 10,950 ಆಗುತ್ತದೆಂದು ಬರೆದು ನೋಡಿದವನಿಗೆ ಬೇರೆ ಉಪದೇಶ ಬೇಡ. ಬರೆಯುವ ಪುಸ್ತಕ ಮಾತ್ರ ಬೇಕು. ಒಂದು ವರ್ಷ ಪೂರ್ತಿ, ಮದುವೆಯ ಉಡುಗೊರೆ, ಬಸ್ಸಿನ ಚಿಲ್ಲರೆ ಸಹಿತ ಬರೆದಿಡಿ.

ಊರಿನ ಜೀವನ ತಾನಾಗಿ ಅಗ್ಗವೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಬಸ್ಸು ದೂರ, ಸ್ಕೂಟರ್ ಬೇಕು. ಕಾಯಿಲೆ ಬಲವಾದರೆ ನಮಗೆ ಮಂಗಳೂರೇ ಗತಿ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಆ ಸಂಕಟ ಏನೆಂಬುದನ್ನು ಕಾಸರಗೋಡಿನವರು ಕಂಡವರೇ. ಔಷಧದ ಹಣವನ್ನು ಅನ್ನದ ಗಂಟಿಗೆ ಸೇರಿಸದೆ ಬೇರೆಯೇ ತೆಗೆದಿಡಬೇಕು.

ಆದರೆ ಅದೇ ದಿನಗಳಲ್ಲಿ ಇನ್ನೊಂದನ್ನೂ ಕಂಡೆವು. ಅಂಗಡಿಗೆ ತರಕಾರಿ ಬಾರದಿದ್ದರೂ ಹಳೆಯ ಕ್ರಮದ ಮನೆಗಳಲ್ಲಿ ಒಲೆ ತಣ್ಣಗಾಗಲಿಲ್ಲ. ಮರದಲ್ಲಿ ಎಳೆಹಲಸು, ಭರಣಿಯಲ್ಲಿ ಹಿಂದಿನ ವರ್ಷದ ಉಪ್ಪುಸೊಳೆ, ಅಟ್ಟದಲ್ಲಿ ಹಪ್ಪಳ, ಮಾಂಬಳ, ಒಣಗಿಸಿದ ಹಲಸಿನ ಬೀಜ, ಕೋಣೆಯ ಮೂಲೆಯಲ್ಲಿ ತೆಂಗಿನಕಾಯಿಯ ರಾಶಿ. ಬೆಳೆದ ಕಾಯಿಯ ಸೊಳೆ ಬಿಡಿಸಿ, ಬೀಜ ತೆಗೆದು, ಕಲ್ಲುಪ್ಪು ಬೆರೆಸಿ, ಮೇಲೊಂದು ಭಾರ ಹೇರಿ ಇಟ್ಟರೆ ಆಟಿಯ ಜಡಿಮಳೆಗೆ ಪಲ್ಯ, ಸಾಂಬಾರು, ರೊಟ್ಟಿ, ಯಾವುದಕ್ಕೂ ಆಯಿತು. ಇದರ ಬೆಲೆ ಉಪ್ಪಿನ ಬೆಲೆ. ಅಂಗಳದ ಬದಿಯಲ್ಲಿ ಕೆಸುವು, ಗುಡ್ಡದಲ್ಲಿ ತಗತೆ ಸೊಪ್ಪು, ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಮತ್ತು ಗೆರಟೆ, ಗುಡಿಸಲು ಮಡಲಿನ ಹಿಡಿಸೂಡಿ. ಇಷ್ಟೆಲ್ಲ ಇದ್ದೂ ಮೇ ತಿಂಗಳಲ್ಲಿ ಹಲಸು ಬುಡದಲ್ಲೇ ಕೊಳೆಯುವ ತೋಟದ ಯಜಮಾನ ಪೇಟೆಯಿಂದ ಹಪ್ಪಳದ ಕಟ್ಟು ತರುವುದನ್ನು ಕಂಡರೆ ನಮಗೆ ನಗುವುದೋ ಅಳುವುದೋ ತಿಳಿಯದು.

ಒಂದು ಮಾತು ಗಂಡಸರಿಗೆ. ಈ ಸಂಗ್ರಹದ ಕೆಲಸವನ್ನೆಲ್ಲ ಮಾಡುವವರು ಹೆಂಗಸರು. ಸೊಳೆ ಬಿಡಿಸಿ ಕೈಗೆ ಮೇಣ ಹತ್ತಿಸಿಕೊಳ್ಳುವವರು ಅವರು. ಹಪ್ಪಳಕ್ಕೆ ಬಿಸಿಲಲ್ಲಿ ಕಾಗೆ ಕಾಯುವವರೂ ಅವರೇ. ಸರಳ ಜೀವನವೆಂದು ಹೇಳಿ ಮನೆಯಾಕೆಗೆ ಗ್ರೈಂಡರ್ ಬೇಡವೆಂದು, ತಾನು ಮಾತ್ರ ವರ್ಷಕ್ಕೊಂದು ಹೊಸ ಮೊಬೈಲು ಕೊಳ್ಳುವವನದು ಮಿತವ್ಯಯವಲ್ಲ. ಅದಕ್ಕೆ ಬೇರೆ ಹೆಸರಿದೆ; ಮುದ್ರಿಸಲು ನಮಗೆ ಸಂಕೋಚ. ಹೆಂಡತಿಗೆ ಊರು ಒಪ್ಪಿಗೆಯೋ ಎಂದು ಕೇಳದೆ ಗಂಟು ಕಟ್ಟುವವರು ಲೆಕ್ಕದ ಮೊದಲ ಸಾಲನ್ನೇ ಬಿಟ್ಟ ಹಾಗೆ.

ಉಳಿಸಬಾರದ ಕಡೆ ಉಳಿಸುವ ರೋಗವೂ ಒಂದುಂಟು. ಮಳೆ ಹಿಡಿಯುವ ಮುಂಚೆ ಒಮ್ಮೆ, ಆ ಮೇಲೆ 40-45 ದಿನಕ್ಕೆ ಇನ್ನೊಮ್ಮೆ, ಅಡಿಕೆಗೆ ಬೋರ್ಡೋ ದ್ರಾವಣ ಬಿಡಲೇಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇದರಲ್ಲಿ ಕಡಿಮೆ ಮಾಡಿದವನ ಉಳಿತಾಯ ಆಟಿಯಲ್ಲಿ ಮರದ ಬುಡದಲ್ಲಿ ಬಿದ್ದಿರುತ್ತದೆ. ಮರ ಹತ್ತುವವರು ಸಿಕ್ಕುವುದಿಲ್ಲವೆಂದು ಬಿಟ್ಟುಬಿಡುವುದಕ್ಕಿಂತ ನಾಲ್ಕು ಮನೆಯವರು ಕೂಡಿ ಒಂದು ಕಾರ್ಬನ್ ಫೈಬರ್ ದೋಟಿ ಕೊಳ್ಳಲಿ.

ಜಾಗ ಕೊಳ್ಳುವಲ್ಲಿಯೂ ಹಾಗೆಯೇ. ಅಗ್ಗವೆಂದು ಗದ್ದೆ ಕೊಂಡು, ಮಣ್ಣು ತುಂಬಿ ಮನೆ ಕಟ್ಟುವೆನೆಂದರೆ ಕೇರಳದಲ್ಲಿ 2008ರ ಗದ್ದೆ-ಜೌಗುಭೂಮಿ ಸಂರಕ್ಷಣೆಯ ಕಾನೂನು ಅಡ್ಡ ಬರುತ್ತದೆ. ಆಧಾರ ಮಲಯಾಳದಲ್ಲಿ ಇರುವುದರಿಂದ ನಮ್ಮ ಕನ್ನಡದವರು ದಲ್ಲಾಳಿ ಓದಿ ಹೇಳಿದ್ದನ್ನೇ ವೇದವೆಂದು ಸಹಿ ಹಾಕುವುದುಂಟು. ಬೇರೆ ಬಲ್ಲವರಿಂದ ಓದಿಸಿ, ಜಾಗ ಗದ್ದೆಯ ಪಟ್ಟಿಯಲ್ಲಿದೆಯೋ ಎಂದು ವಿಚಾರಿಸಿದ ಮೇಲೆಯೇ ಮುಂಗಡ ಕೊಡಬೇಕು. ಓದಿಸಿದ್ದಕ್ಕೆ ಕೊಡುವ ಹಣ ದುಂದಲ್ಲ.

ಮೊನ್ನೆ ನಮ್ಮಲ್ಲಿಗೆ ಬಂದ ತರುಣನೊಬ್ಬನು ಮನೆಯ ನಕ್ಷೆಯನ್ನು ಸುರುಳಿ ಸುತ್ತಿ ತಂದಿದ್ದನು. ಎರಡು ಮಹಡಿ. ನಕ್ಷೆ ಚೆನ್ನಾಗಿಯೇ ಇದೆ, ಒಳಗಿಡು ಎಂದೆವು. ಅವನ ಜಾಗದಲ್ಲಿ ಅಜ್ಜನ ಕಾಲದ ಸುರಂಗವೊಂದು ಇದೆ. ಎಷ್ಟು ನೀರು ಬರುತ್ತದೆಂದು ಅವನಿಗೆ ಗೊತ್ತಿಲ್ಲ. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 540 ಕಂಗು. ಹನಿ ನೀರಾವರಿಯಲ್ಲಿ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರಿನಂತೆ ಒಂಬತ್ತರಿಂದ ಹನ್ನೊಂದು ಸಾವಿರ ಲೀಟರ್ ಬೇಕು. ಹತ್ತು ಲೀಟರಿನ ಕೊಡಪಾನ ಒಂದು ನಿಮಿಷಕ್ಕೆ ತುಂಬಿದರೆ ಹಗಲಿರುಳಿಗೆ 14,400 ಲೀಟರ್ ಆಯಿತು. ಕರೆಂಟಿಲ್ಲದೆ, ಪಂಪಿಲ್ಲದೆ, ತೊಟ್ಟಿಯೊಂದಿದ್ದರೆ ಒಂದೆಕರೆ ಬದುಕಿತು. ನಾಲ್ಕು ನಿಮಿಷ ಹಿಡಿದರೆ ಎರಡೆಕರೆಯ ಮಾತನ್ನೇ ಬಿಡಬೇಕು. ಮಳೆ ಬಿದ್ದ ಮೇಲೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಈಗ ಮೇ ಕೊನೆಯಲ್ಲಿ ಬರುವ ನೀರೇ ನಿಜವಾದ ನೀರು. ನಾಳೆ ಬೆಳಗ್ಗೆಯೇ ಸುರಂಗದ ಬಾಯಲ್ಲಿ ಕೊಡಪಾನ ಹಿಡಿದು ಗಡಿಯಾರ ನೋಡು, ಅಲ್ಲಿಯ ವರೆಗೆ ಕಲ್ಲಿನ ಲಾರಿಗೆ ಮುಂಗಡ ಕೊಡಬೇಡ ಎಂದು ಹೇಳಿ ಕಳುಹಿಸಿದ್ದೇವೆ.