ಕ್ಯಾಮರಾ ಯಾರ ಕಡೆ ನಿಂತಿತ್ತು?

ನಮ್ಮ ತೊರವಿಗೆ ಕ್ಯಾಮರಾ ಹೊತ್ತವರು ಬರ್ತಾನೇ ಇರ್ತಾರ. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಇಲ್ಲಿ ನವರಸಪುರ ಕಟ್ಟಿಸಲು ಹೊರಟಿದ್ದ. ಉಳಿದಿರುವ ಸಂಗೀತ ಮಹಲಿನ ಮುರುಕು ಕಮಾನು ಅವರಿಗೆ ಬೇಕು. ಅಲ್ಲಿ ಆಡು ಮೇಯಿಸುವ ನಮ್ಮ ಮುದುಕಿ ಅಡ್ಡ ಬಂದರೆ 'ಆ ಕಡೆ ಸರಿಯಬೇ' ಅಂತಾನ ಒಬ್ಬ. ಇನ್ನೊಬ್ಬ ಬಂದು ಅದೇ ಮುದುಕಿಯನ್ನ ಕೂಡಿಸಿ 'ನಗಬ್ಯಾಡ, ಹಂಗೇ ಇರು' ಅಂತಾನ. ಒಬ್ಬನಿಗೆ ನಾವು ಕಸ, ಇನ್ನೊಬ್ಬನಿಗೆ ನಮ್ಮ ಸುಕ್ಕು ಬಹುಮಾನದ ಸರಕು. ಆಕೆಯ ಹೆಸರನ್ನು ಇಬ್ಬರೂ ಕೇಳಲಿಲ್ಲ.

ಇದು ತೊರವಿಯೊಂದರ ಮಾತಲ್ಲ. 'ಚೋಮನ ದುಡಿ' 1975ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಚೋಮನ ಪಾತ್ರ ಮಾಡಿದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಬರೆದವರು, ನಿರ್ದೇಶಿಸಿದವರು, ನಟಿಸಿದವರು ಯಾರೂ ಚೋಮನ ಕೇರಿಯವರಲ್ಲ. ಅವರ ಪ್ರತಿಭೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊಲ ಸಿಗದೆ ಸತ್ತ ಚೋಮ ಪ್ರಶಸ್ತಿಯಾದ. ಹೊಲ ಕೇಳುವ ಚೋಮ ಇವತ್ತಿಗೂ ಕಚೇರಿ ಬಾಗಿಲಲ್ಲಿ ನಿಂತಾನ.

ಈ ಲೆಕ್ಕದಲ್ಲೇ ನಾವು ಇನ್ನೊಬ್ಬರ ಬದುಕನ್ನು ತೂಗಬೇಕಾಗಿದೆ. ಬೆಂಗಳೂರಿನಲ್ಲಿ ನೆಲೆಸಿದ್ದ ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ 2023ರ ಜೂನ್‌ನಲ್ಲಿ ಹೊಸೂರು ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬರೋಡಾದಲ್ಲಿ ಕಲೆ, ಪುಣೆಯಲ್ಲಿ ಕ್ಯಾಮರಾ ಕಲಿತವರು. ಮಣಿ ಕೌಲ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ 'ದುವಿಧಾ' (1973) ಚಿತ್ರದ ಕ್ಯಾಮರಾ ಇವರದೇ. ನಾವು ಓದಿದ ಶ್ರದ್ಧಾಂಜಲಿಗಳ ತುಂಬಾ ಪ್ರಶಸ್ತಿ, ಜಾಝ್ ಸಂಗೀತ, ಮೋಟರ್‌ಸೈಕಲ್ಲು. ನಿಪ್ಪಾಣಿಯ ಹೆಂಗಸರಿಗೆ ಸಿಕ್ಕದ್ದು ಬರೀ ಒಂದು ಸಾಲು.

ಆ ಒಂದು ಸಾಲೇ ನಮಗೆ ಮುಖ್ಯ. 1980ರಲ್ಲಿ ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ನವ್ರೋಜ್ ಸೇರಿ 'ಯುಗಾಂತರ್' ಬಳಗ ಕಟ್ಟಿದರು. ಈ ಬಳಗ ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ ಹೋಯಿತು. ಅಲ್ಲಿ 1981ರಲ್ಲಿ ತಂಬಾಕಿನ ಬೆಲೆಗಾಗಿ ಹೆದ್ದಾರಿಗೆ ಕೂತ ರೈತರ ಮೇಲೆ ಸರಕಾರ ಗುಂಡು ಹಾರಿಸಿದ್ದನ್ನು ನಾಡು ಬಲ್ಲದು. ವಖಾರಿಗಳ ಒಳಗೆ ತಂಬಾಕಿನ ಘಾಟು ಕುಡಿದು, ಪುಡಿಗಾಸಿಗೆ ಜರಡಿ ಹಿಡಿದ ಹೆಂಗಸರನ್ನು ಯಾರು ಬಲ್ಲರು? ಅವರು ಸಂಘ ಕಟ್ಟಿದರು. ಕ್ಯಾಮರಾ ವಖಾರಿಯ ಒಳಗೆ ಹೋಯಿತು, ಸಂಘದ ಸಭೆಯಲ್ಲಿ ಕೂತಿತು. 'ತಂಬಾಕು ಚಾಕಿಲಾ ಊಬ್ ಆಲಿ' (1982) ಅರ್ಧ ತಾಸೂ ಆಗದ ಮರಾಠಿ ಚಿತ್ರ. ಅದರಲ್ಲಿ ಹೆಂಗಸರು ತಮ್ಮ ಕತೆ ತಾವೇ ಹೇಳುತ್ತಾರೆ.

'ಇವರೂ ಹೊರಗಿನವರೇ ಅಲ್ಲೇನ್ರಿ?' ಎಂದು ನಮ್ಮ ಗೆಳೆಯರು ಕೇಳಬಹುದು. ಹೌದು, ಹೊರಗಿನವರೇ. ಪೂಜೆ ಮಾಡ್ರಿ ಅಂತ ನಾವು ಹೇಳ್ತಿಲ್ಲ. ಆದರೆ ಮುದುಕಿಯನ್ನು ಸರಿಸಿದವನೂ, ಕೂಡಿಸಿದವನೂ ಚಿತ್ರಕ್ಕಾಗಿ ಬಂದಿದ್ದರು. ನಿಪ್ಪಾಣಿಗೆ ಹೋದ ಕ್ಯಾಮರಾ ಒಂದು ಹೋರಾಟದ ಕೆಲಸಕ್ಕೆ ಬಂದಿತ್ತು. ಬಡವನ ಮೇಲೆ ಕರುಣೆ ತೋರಿದ ಚಿತ್ರಕ್ಕೆ ಪದಕ ಕೊಡುವುದು ಉಳ್ಳವರಿಗೆ ಸುಲಭ. ಕೂಲಿ ಕೇಳುವ ಬಡವನ ಚಿತ್ರ ಅವರ ನಿದ್ದೆ ಕೆಡಿಸುತ್ತದೆ.

ಈಗ ಆ ಚಿತ್ರವನ್ನು ಬರ್ಲಿನ್‌ನ ಆರ್ಸೆನಲ್ ಸಂಸ್ಥೆ ಡಿಜಿಟಲ್ ಮಾಡಿ ಕಾಪಾಡಿದೆ. ಬರ್ಲಿನ್‌ಗೆ ಬೇಕಾದ ನಿಪ್ಪಾಣಿ ಬಿಜಾಪುರಕ್ಕೆ ಯಾಕೆ ಬೇಡ? ನಮ್ಮೂರಿನ ಯಾವ ಪರದೆಯ ಮೇಲೂ ನಾವದನ್ನು ಕಂಡಿಲ್ಲ. ತೊರವಿಯಲ್ಲೇ ಮಹಿಳಾ ವಿಶ್ವವಿದ್ಯಾಲಯವಿದೆ, ಸುತ್ತ ಹಳ್ಳಿಗಳಲ್ಲಿ ಶಾಲೆಗಳಿವೆ. ಮಾಸ್ತರರೇ, ಒಂದು ಸಂಜೆ ಗೋಡೆಗೆ ಬಿಳಿ ಧೋತರ ಕಟ್ಟಿ ಆ ಚಿತ್ರ ತೋರಿಸಿರಿ. ನೋಡಲಿಕ್ಕೆ ಕಬ್ಬು ಕಡಿಯುವ, ದ್ರಾಕ್ಷಿ ತೋಟದ ಹೆಂಗಸರನ್ನು ಕರೆಯಿರಿ. ಮುಂದಿನ ಸಾಲು ಅವರಿಗೇ ಇರಲಿ.

ನಮ್ಮ ಹುಡುಗರಿಗೂ ಒಂದು ಮಾತು. ಈಗ ಪ್ರತಿ ಕಿಸೆಯಲ್ಲೂ ಕ್ಯಾಮರಾ ಇದೆ. ಅದರಾಗ ನೀವು ತೆಗೆಯೋದು ಏನು? ಸಾಹುಕಾರರ ಹುಟ್ಟುಹಬ್ಬ, ಅವರ ಕಟೌಟಿನ ಮುಂದ ನಿಮ್ಮದೊಂದು ಫೋಟೋ! ಕೂಲಿ ಹಾಜರಿ ಪುಸ್ತಕದ ಸುಳ್ಳನ್ನು, ಕೇರಿಗೆ ಬಾರದ ನಲ್ಲಿಯನ್ನು, ಬಾಗಿಲು ಮುಚ್ಚಿದ ಗುಡಿಯನ್ನು ಯಾರು ತೆಗೆಯಬೇಕು? ಪ್ರಶಸ್ತಿಗಾಗಿ ಕಾಯಬೇಡಿ.

ಮೊದಲು ಆ ಮುದುಕಿಯ ಹತ್ತಿರ ಹೋಗಿ ಕೂಡ್ರಿ. ಹೆಸರು ಕೇಳ್ರಿ.