ಗೆಳೆಯನಿಗೆ ಮಾರುವ ಕ್ಯೂ ಕೋಲು

ಸ್ನೂಕರಿನ ನಿಯಮಗಳು 1880ರ ದಶಕದಲ್ಲಿ ಉದಕಮಂಡಲದ ಊಟಿ ಕ್ಲಬ್ಬಿನಲ್ಲಿ ಲಿಖಿತರೂಪ ಪಡೆದವು. ಬಳಸಿದ ಕ್ಯೂ ಕೋಲನ್ನು ಗೆಳೆಯನಿಗೆ ಎಷ್ಟಕ್ಕೆ ಮಾರಬೇಕೆಂಬುದಕ್ಕೆ ಮಾತ್ರ ಅಂತಹ ನಿಯಮವಿಲ್ಲ.

ಮಾರುವವನು ತಾನು ತೆತ್ತ ಹಣವನ್ನು ನೆನೆಯುತ್ತಾನೆ, ಕೊಳ್ಳುವವನು ಸ್ನೇಹವನ್ನು. ಅಳೆಯಬೇಕಾದುದು ಮರವನ್ನು. ಸಮತಟ್ಟಾದ ಮೇಜಿನ ಮೇಲೆ ಉರುಳಿಸಿದಾಗ ತುದಿ ಕುಣಿದರೆ ಕೋಲು ಬಾಗಿರಬಹುದು. ಎರಡು ತುಂಡಿನದಾದರೆ ಒಂದೊಂದನ್ನೂ ಬೇರೆಯಾಗಿ ಉರುಳಿಸಬೇಕು. ದೋಷವು ಕೂಡುವ ತಿರುಪಿನಲ್ಲಿಯೂ ಇರುವುದುಂಟು. ತುದಿಯ ಚರ್ಮದ ಬಿಲ್ಲೆ ಸವೆದಿದ್ದರೆ ಅದನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದರಾಯಿತು. ಬಾಗಿದ ಮರಕ್ಕೆ ಅಷ್ಟು ಸುಲಭದ ಪರಿಹಾರವಿಲ್ಲ. ಮಂಜು ಮಳೆಯ ನೀಲಗಿರಿಯಲ್ಲಿ ಗೋಡೆಗೆ ಒರಗಿಸಿಟ್ಟ ಕೋಲು ಬಾಗಿದರೆ ಅಚ್ಚರಿಯಿಲ್ಲ. ಆದರೆ ಆ ಸಂಗತಿಯನ್ನು ಬೆಲೆಗಿಂತ ಮೊದಲು ಹೇಳತಕ್ಕದ್ದು.

‘ನಿನಗೆ ತೋಚಿದಷ್ಟು ಕೊಡು’ ಎಂಬುದು ಔದಾರ್ಯದಂತೆ ಕೇಳಿಸುತ್ತದೆ. ನಿಜದಲ್ಲಿ ಅದು ಸಂಕಟವನ್ನು ಗೆಳೆಯನ ತಲೆಗೆ ಕಟ್ಟುವ ಉಪಾಯ: ಕಡಿಮೆ ಕೊಟ್ಟರೆ ಅವನು ಜಿಪುಣ, ಹೆಚ್ಚು ಕೊಟ್ಟರೆ ಪೆದ್ದ. ಪೇಟೆಯಲ್ಲಿ ಇಷ್ಟು ಬರುತ್ತದೆ, ನಿನಗಾಗಿ ಇಷ್ಟು ಬಿಟ್ಟಿದ್ದೇನೆ ಎಂದು ಬಾಯಿಬಿಟ್ಟು ಹೇಳುವುದೇ ಲೇಸು. ಅದಕ್ಕೂ ಮುನ್ನ ಒಂದು ವಾರ ಆಡಲು ಕೊಟ್ಟರೆ ಬಾಗನ್ನು ಗೆಳೆಯನೇ ಕಂಡುಕೊಳ್ಳುತ್ತಾನೆ.